ವಾಂಡಾಳ ನಡತೆಗೆ ಅಂಕ ಕೊಟ್ಟವರು

ನ್ಯಾಯಾಧೀಶರ ಮುಂದೆ ಗಂಡ ಮಕ್ಕಳೊಂದಿಗೆ ಕಾಯುತ್ತಿದ್ದಾನೆ. ಹೆಂಡತಿ ತಡವಾಗಿ ಬರುತ್ತಾಳೆ. ಕೂದಲಿಗೆ ಸುತ್ತಿದ ಕರ್ಲರ್‌ಗಳನ್ನೂ ಬಿಚ್ಚಿ ಬಂದಿಲ್ಲ. ಇವಳು ಮನೆ ನೋಡುವವಳಲ್ಲ, ಮಕ್ಕಳನ್ನು ನೋಡುವವಳಲ್ಲ ಎಂದು ಗಂಡ ದೂರುತ್ತಾನೆ. ಅವಳು ವಾದಕ್ಕಿಳಿಯುವುದಿಲ್ಲ, ಅಳುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ವಿಚ್ಛೇದನ ಕೊಡಿ, ಮಕ್ಕಳು ಅವನ ಹತ್ತಿರ ಇದ್ದರೇನೇ ಒಳ್ಳೆಯದು ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಯಾರದೋ ಮನೆಯ ವ್ಯವಹಾರಕ್ಕೆ ಸಾಕ್ಷಿ ನುಡಿಯಲು ಬಂದವಳ ಹಾಗಿದೆ ಅವಳ ದನಿ.

1970ರ ‘ವಾಂಡಾ’ ಚಿತ್ರದ ಆರಂಭದಲ್ಲಿ ಬರುವ ದೃಶ್ಯ ಇದು. ಅಮೆರಿಕದ ನಟಿ ಬಾರ್ಬರಾ ಲೋಡೆನ್ ಬರೆದು, ನಿರ್ದೇಶಿಸಿ, ತಾವೇ ಮುಖ್ಯ ಪಾತ್ರ ಮಾಡಿದ ಏಕೈಕ ಕಥಾಚಿತ್ರ. ವಿಮರ್ಶಕರ ಕಷ್ಟವೂ ಈ ದೃಶ್ಯದಿಂದಲೇ ಶುರುವಾಯಿತು. ಮಕ್ಕಳನ್ನು ಬಿಟ್ಟುಕೊಟ್ಟ ತಾಯಿಗೆ ಚಿತ್ರ ಒಂದು ಸಮಜಾಯಿಷಿಯನ್ನೂ ಕೊಡದೆ ಮುಂದಿನ ದೃಶ್ಯಕ್ಕೆ ಹೋಗಿಬಿಟ್ಟರೆ ವಿಮರ್ಶಕ ಏನು ಬರೆಯಬೇಕು? ಹಲವರು ಸಿನಿಮಾದ ವಿಮರ್ಶೆ ಬರೆಯುವ ಬದಲು ಆ ಹೆಂಗಸಿಗೆ ನಡತೆ ಪ್ರಮಾಣಪತ್ರ ಬರೆದರು. ಕಂಗೆಟ್ಟ ಹೆಣ್ಣಿನ ಬಗೆಗಿನ ಸ್ವತಂತ್ರ ಚಿತ್ರಗಳನ್ನು ಪತ್ರಿಕೆಗಳು ಬರಮಾಡಿಕೊಂಡ ಬಗೆಯನ್ನು ಹಿಂತಿರುಗಿ ನೋಡಿದರೆ ಈ ಪ್ರಮಾಣಪತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಲೋಡೆನ್ ಹುಟ್ಟಿದ್ದು 1932ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ. ಬೆಳೆದದ್ದು ದೈವಭಕ್ತರಾದ ಅಜ್ಜ ಅಜ್ಜಿಯ ಹತ್ತಿರ, ಬಡತನದಲ್ಲಿ. ಹದಿಹರೆಯದಲ್ಲೇ ನ್ಯೂಯಾರ್ಕಿಗೆ ಬಂದು ಮಾಡೆಲ್ ಆದರು, ನೈಟ್ ಕ್ಲಬ್ಬಿನಲ್ಲಿ ಕುಣಿದರು, ಟಿ.ವಿ. ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ದೊಡ್ಡ ನಿರ್ದೇಶಕ ಎಲಿಯಾ ಕಜಾನ್ ತಮ್ಮ ಎರಡು ಚಿತ್ರಗಳಲ್ಲಿ ಅವರಿಗೆ ಚಿಕ್ಕ ಪಾತ್ರ ಕೊಟ್ಟರು. ಮುಂದೆ ಆರ್ಥರ್ ಮಿಲ್ಲರ್ ಅವರ ‘ಆಫ್ಟರ್ ದಿ ಫಾಲ್’ ನಾಟಕದಲ್ಲಿ ಮ್ಯಾಗಿಯ ಪಾತ್ರ ಸಿಕ್ಕಿತು. ಮರ್ಲಿನ್ ಮನ್ರೋ ಛಾಯೆಯ ಆ ಪಾತ್ರಕ್ಕೆ 1964ರಲ್ಲಿ ಟೋನಿ ಪ್ರಶಸ್ತಿಯೂ ಬಂತು. ಆಮೇಲೆ ಕಜಾನ್ ಅವರನ್ನು ಮದುವೆಯಾದರು. ಇಲ್ಲೊಂದು ಕುತೂಹಲದ ಸಂಗತಿ ಇದೆ. ಕಜಾನ್ ಬರೆದ ‘ದಿ ಅರೇಂಜ್‌ಮೆಂಟ್’ ಕಾದಂಬರಿಯ ಪ್ರೇಯಸಿಯಲ್ಲಿ ಲೋಡೆನ್ ಅವರನ್ನೇ ಕಂಡವರು ಅನೇಕರು. 1969ರಲ್ಲಿ ಅದು ಸಿನಿಮಾ ಆದಾಗ ಆ ಪಾತ್ರ ಸಿಕ್ಕಿದ್ದು ಮಾತ್ರ ಫೇ ಡನವೇಗೆ. ‘ಆಫ್ಟರ್ ದಿ ಫಾಲ್’ ನಾಟಕದಲ್ಲಿ ಲೋಡೆನ್ ಬರದಿದ್ದರೆ ಬದಲಿಗೆ ನಿಲ್ಲಬೇಕಿದ್ದ ನಟಿ ಈ ಡನವೇ.

ಚಿತ್ರದ ಬೀಜ ಇದ್ದದ್ದು 1960ರ ಒಂದು ಪತ್ರಿಕಾ ವರದಿಯಲ್ಲಿ. ಬ್ಯಾಂಕ್ ದರೋಡೆಯಲ್ಲಿ ಪಾಲ್ಗೊಂಡ ಹೆಂಗಸೊಬ್ಬಳಿಗೆ 20 ವರ್ಷ ಜೈಲಾಯಿತು. ತೀರ್ಪು ಕೇಳಿ ಅವಳು ನ್ಯಾಯಾಧೀಶರಿಗೆ ಥ್ಯಾಂಕ್ಸ್ ಹೇಳಿದಳಂತೆ. ಜೈಲು ಸಿಕ್ಕಿದ್ದಕ್ಕೆ ನೆಮ್ಮದಿಪಡುವಂಥ ಬದುಕು ಹೊರಗೆ ಎಂಥದ್ದಿದ್ದೀತು ಎಂಬ ಪ್ರಶ್ನೆ ಲೋಡೆನ್ ಅವರನ್ನು ಬಿಡಲಿಲ್ಲ. ಚಿತ್ರಕಥೆ ಬರೆದರು, ಬೇರೆಯವರು ನಿರ್ದೇಶಿಸಲಿ ಎಂದು ವರ್ಷಗಟ್ಟಲೆ ಕಾದರು. ಯಾರೂ ಮುಂದೆ ಬರದಿದ್ದಾಗ ತಾವೇ ಕೈಹಾಕಿದರು. ನಿರ್ಮಾಪಕ ಹ್ಯಾರಿ ಶುಸ್ಟರ್ ಹಣ ಹಾಕಿದರು. ಖರ್ಚು ಸುಮಾರು 1.15 ಲಕ್ಷ ಡಾಲರ್. ಹಾಲಿವುಡ್ ಲೆಕ್ಕದಲ್ಲಿ ಅದು ಪುಡಿಗಾಸು. 16 ಎಂ.ಎಂ. ಕ್ಯಾಮೆರಾದಲ್ಲಿ ಚಿತ್ರಿಸಿ ಆಮೇಲೆ 35 ಎಂ.ಎಂ.ಗೆ ಹಿಗ್ಗಿಸಿದರು. ಇಡೀ ತಂಡದಲ್ಲಿದ್ದವರು ಬೆರಳೆಣಿಕೆಯ ಜನ. ಕ್ಯಾಮೆರಾ ಹಿಡಿದ ನಿಕೊಲಸ್ ಪ್ರೊಫೆರೆಸ್ ಅವರೇ ಸಂಕಲನವನ್ನೂ ಮಾಡಿದರು. ಲೋಡೆನ್ ಮತ್ತು ಕಳ್ಳನ ಪಾತ್ರದ ಮೈಕೆಲ್ ಹಿಗಿನ್ಸ್ ಬಿಟ್ಟರೆ ಪರದೆಯ ಮೇಲಿರುವ ಬಹುತೇಕರು ನಟರೇ ಅಲ್ಲ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಜನಸಾಮಾನ್ಯರು.

ಕಥೆ ಎನ್ನುವುದು ತೀರಾ ತೆಳು. ಒಡಹುಟ್ಟಿದವಳ ಮನೆಯ ಸೋಫಾದ ಮೇಲೆ ಮಲಗಿ ದಿನ ದೂಡುವ ವಾಂಡಾ, ಕೆಲಸ ನಿಧಾನ ಎಂಬ ಕಾರಣಕ್ಕೆ ಹೊಲಿಗೆ ಕಾರ್ಖಾನೆಯಿಂದ ಹೊರಬೀಳುತ್ತಾಳೆ. ಬಿಯರ್ ಕೊಡಿಸಿದವನ ಜೊತೆ ರಾತ್ರಿ ಕಳೆಯುತ್ತಾಳೆ, ಮರುದಿನ ಅವನು ಐಸ್‌ಕ್ರೀಂ ಅಂಗಡಿಯ ಬಳಿ ಅವಳನ್ನು ಇಳಿಸಿ ಕಾರು ಓಡಿಸಿಕೊಂಡು ಹೋಗುತ್ತಾನೆ. ಸಿನಿಮಾ ಮಂದಿರದಲ್ಲಿ ನಿದ್ದೆ ಹೋದಾಗ ಪರ್ಸಿನ ದುಡ್ಡು ಕಳುವಾಗುತ್ತದೆ. ಶೌಚಾಲಯ ಹುಡುಕಿ ಬಾರ್ ಒಂದಕ್ಕೆ ನುಗ್ಗಿದರೆ ಅಲ್ಲಿ ದರೋಡೆ ನಡೆಯುತ್ತಿದೆ. ಕೌಂಟರಿನ ಹಿಂದೆ ಬಾರಿನವನು ಕಟ್ಟಿಹಾಕಿಸಿಕೊಂಡು ಬಿದ್ದಿದ್ದಾನೆ, ಅವಳಿಗೆ ಅದು ಗೊತ್ತೇ ಆಗುವುದಿಲ್ಲ. ಕಳ್ಳನ ಹಿಂದೆಯೇ ಹೊರಟುಬಿಡುತ್ತಾಳೆ. ಅವನನ್ನು ಕೊನೆಯವರೆಗೂ ‘ಮಿಸ್ಟರ್ ಡೆನ್ನಿಸ್’ ಎಂದೇ ಕರೆಯುತ್ತಾಳೆ. ಹ್ಯಾಂಬರ್ಗರಿನಲ್ಲಿ ಈರುಳ್ಳಿ ಇತ್ತೆಂದು ರೇಗುವ, ಕೆನ್ನೆಗೆ ಬಾರಿಸುವ, ಪ್ಯಾಂಟು ಹಾಕಬೇಡ ಎಂದು ಅವಳ ಬಟ್ಟೆಯನ್ನು ಕಾರಿನಿಂದ ಹೊರಗೆಸೆಯುವ ಮನುಷ್ಯ ಅವನು. ಅವನ ಬ್ಯಾಂಕ್ ದರೋಡೆಯ ದಿನ ಅವಳು ಟ್ರಾಫಿಕ್ಕಿನಲ್ಲಿ ದಾರಿ ತಪ್ಪುತ್ತಾಳೆ, ಅವಳು ಬಂದು ಮುಟ್ಟುವ ಹೊತ್ತಿಗೆ ಅವನು ಪೊಲೀಸರ ಗುಂಡಿಗೆ ಬಲಿಯಾಗಿದ್ದಾನೆ. ಮುಂದೆಯೂ ಅವಳಿಗೆ ದಿಕ್ಕಿಲ್ಲ.

ಈ ಚಿತ್ರವನ್ನು ವಿಮರ್ಶಕರೆಲ್ಲ ಸೇರಿ ತುಳಿದುಹಾಕಿದರು, ದಶಕಗಳ ನಂತರ ನ್ಯಾಯ ಸಿಕ್ಕಿತು ಎಂಬ ಕಥೆ ಈಗ ಚಾಲ್ತಿಯಲ್ಲಿದೆ. ಕೇಳಲು ಚೆನ್ನಾಗಿದೆ, ನಡೆದದ್ದು ಹಾಗಲ್ಲ. 1970ರ ವೆನಿಸ್ ಚಿತ್ರೋತ್ಸವದಲ್ಲಿ ‘ವಾಂಡಾ’ಕ್ಕೆ ವಿದೇಶಿ ಚಿತ್ರಗಳ ಪೈಕಿ ಪಸಿನೆಟ್ಟಿ ಪ್ರಶಸ್ತಿ ಸಿಕ್ಕಿತು. 1971ರಲ್ಲಿ ನ್ಯೂಯಾರ್ಕಿನ ಸಿನಿಮಾ ಟೂ ಎಂಬ ಚಿತ್ರಮಂದಿರದಲ್ಲಿ ಬಿಡುಗಡೆಯಾದಾಗ ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿ ಚಿತ್ರವನ್ನೂ ಲೋಡೆನ್ ಅವರನ್ನೂ ಮನಸಾರೆ ಹೊಗಳಿದರು. ಆ ಕಾಲದ ಅಮೆರಿಕದಲ್ಲಿ ಚಿಕ್ಕ ಚಿತ್ರವೊಂದಕ್ಕೆ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿರಲಿಲ್ಲ. ಆದರೂ ಚಿತ್ರ ದೇಶದ ಉಳಿದ ಊರುಗಳಿಗೆ ತಲುಪಲೇ ಇಲ್ಲ. ವಿತರಕರು ಕೈಹಿಡಿಯಲಿಲ್ಲ, ಥಿಯೇಟರ್ ಸಿಗಲಿಲ್ಲ. ಕನ್ನಡದಲ್ಲಿ ಪ್ರಶಸ್ತಿ ಬಂದ ಚಿತ್ರಗಳ ಹಣೆಬರಹ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ವಿಮರ್ಶಕರ ತಪ್ಪೇನು? ಅದನ್ನು ಅರಿಯಲು ಪಾಲೀನ್ ಕೇಲ್ ಅವರನ್ನು ಓದಬೇಕು. ನ್ಯೂಯಾರ್ಕರ್ ಪತ್ರಿಕೆಯ ಕೇಲ್ ಆ ತಲೆಮಾರಿನ ಅತಿ ಹರಿತ ಲೇಖನಿ. ವಾಂಡಾಳನ್ನು ಅವರು ಗತಿಗೆಟ್ಟ, ಏನೂ ತಿಳಿಯದ, ನಡತೆ ಸಡಿಲಾದ ಹೆಂಗಸು ಎಂಬರ್ಥದ ಮಾತಿನಲ್ಲಿ ಮುಗಿಸಿದರು. ಇಂಥವಳು ಇನ್ನಷ್ಟು ಕೆಳಗೆ ಜಾರುವುದಲ್ಲದೆ ಬೇರೆ ದಾರಿಯಿಲ್ಲ, ಚಿತ್ರಕ್ಕೂ ಅಷ್ಟೇ ಎಂಬುದು ಅವರ ತೀರ್ಮಾನ. ಇಬ್ಬರೇ ಕುಗ್ಗಿದ ಮನುಷ್ಯರು, ಅವರ ದೈನ್ಯ ಬಿಟ್ಟರೆ ಚಿತ್ರದಲ್ಲಿ ಬೇರೆ ಬಣ್ಣವಿಲ್ಲ ಎಂದೂ ದೂರಿದರು. ಈ ಎರಡನೆಯ ಮಾತು ನ್ಯಾಯವಾದ ವಿಮರ್ಶೆ. ಚಿತ್ರ ಏಕತಾನವಾಗಿದೆ, ನಿಜ. ಏಕತಾನತೆಯೇ ಅದರ ಉದ್ದೇಶವೇ, ಅದು ಫಲಿಸಿದೆಯೇ ಎಂದು ಚರ್ಚಿಸಬಹುದು. ಮೊದಲನೆಯ ಮಾತಿನ ಜೊತೆ ಚರ್ಚಿಸಲು ಏನಿದೆ? ಪಾತ್ರದ ನಡತೆಗೆ ಕೊಟ್ಟ ಅಂಕ ಅದು, ಚಿತ್ರದ ಅಂಕಪಟ್ಟಿಯಲ್ಲಿ ಹೋಗಿ ಸೇರಿಕೊಂಡಿದೆ.

ಇದೇ ಕೇಲ್ 1967ರಲ್ಲಿ ‘ಬಾನಿ ಅಂಡ್ ಕ್ಲೈಡ್’ ಚಿತ್ರದ ಪರವಾಗಿ ದೀರ್ಘ ಲೇಖನ ಬರೆದು ಹೆಸರಾದವರು. ಅಲ್ಲಿಯೂ ಬ್ಯಾಂಕ್ ದರೋಡೆ, ಕಳ್ಳನ ಬೆನ್ನು ಹತ್ತಿದ ಹೆಣ್ಣು. ಆದರೆ ಅಲ್ಲಿನ ಬಾನಿ ಸುಂದರಿ, ಚುರುಕು, ಕವಿತೆ ಬರೆಯುವವಳು. ಆ ಪಾತ್ರ ಮಾಡಿದವರೂ ಫೇ ಡನವೇ. ದರೋಡೆಕೋರರಿಗೆ ಅಷ್ಟೊಂದು ಮೆರುಗು ಹಚ್ಚಿದ ಆ ಚಿತ್ರ ಲೋಡೆನ್‌ಗೆ ಹಿಡಿಸಿರಲಿಲ್ಲ. ‘ವಾಂಡಾ’ದ ದರೋಡೆ ಬೆವರು, ತಲೆನೋವು, ತಪ್ಪಿದ ದಾರಿಗಳ ದರೋಡೆ. ತಪ್ಪು ದಾರಿ ಹಿಡಿದ ಹೆಣ್ಣನ್ನು ಆಕೆ ಮೋಹಕವಾಗಿದ್ದರೆ ವಿಮರ್ಶೆ ಕ್ಷಮಿಸುತ್ತದೆ. ಮಂಕಾಗಿದ್ದರೆ ಕ್ಷಮಿಸುವುದಿಲ್ಲ.

ಸ್ತ್ರೀವಾದಿಗಳೆಲ್ಲ ಲೋಡೆನ್ ಪರ ನಿಂತರು ಎಂದುಕೊಂಡರೆ ಅದೂ ತಪ್ಪಾದೀತು. ಅಮೆರಿಕದ ಮಹಿಳಾ ಚಳವಳಿ ಉಕ್ಕೇರುತ್ತಿದ್ದ ಹೊತ್ತು ಅದು. ಹೆಣ್ಣೊಬ್ಬಳು ಸಿನಿಮಾ ಮಾಡಿದ್ದಾಳೆಂದು ಆಸೆಯಿಂದ ಹೋದವರಿಗೆ ಕಂಡದ್ದು, ಹೊಡೆದವನ ಜೊತೆಯೇ ಇರುವ, ಹೇಳಿದ್ದನ್ನೆಲ್ಲ ಮಾಡುವ, ಒಮ್ಮೆಯೂ ತಿರುಗಿ ನಿಲ್ಲದ ವಾಂಡಾ. ಹೋರಾಟಕ್ಕೆ ಇವಳಿಂದೇನು ಉಪಯೋಗ ಎಂದು ಕೆಲವರು ಬೇಸರಪಟ್ಟರು. ತಾನು ಇದನ್ನು ಬರೆಯುವಾಗ ಮಹಿಳಾ ವಿಮೋಚನೆಯ ಮಾತೇ ಕಿವಿಗೆ ಬಿದ್ದಿರಲಿಲ್ಲ ಎಂಬುದು ಲೋಡೆನ್ ಉತ್ತರ. ತಾನೂ ಒಂದು ಕಾಲಕ್ಕೆ ಹೀಗೆಯೇ ಇದ್ದೆ, ಎದುರಿಗಿರುವವರಿಗೆ ಏನು ಬೇಕೋ ಅದಾಗಿ ಬದುಕುತ್ತಿದ್ದೆ ಎಂದೂ ಸಂದರ್ಶನಗಳಲ್ಲಿ ಹೇಳಿಕೊಂಡರು. ಸಂಪ್ರದಾಯಸ್ಥರಿಗೆ ವಾಂಡಾ ಕೆಟ್ಟ ತಾಯಿ, ಕ್ರಾಂತಿಕಾರಿಗಳಿಗೆ ಕೆಟ್ಟ ಮಾದರಿ. ಎರಡೂ ಕಡೆಯವರ ಕೈಯಲ್ಲಿದ್ದದ್ದು ಒಂದೇ ಪ್ರಮಾಣಪತ್ರ, ಸಹಿ ಮಾತ್ರ ಬೇರೆ.

ಕನ್ನಡದ ಓದುಗರಿಗೆ ಇಲ್ಲಿ ‘ಶರಪಂಜರ’ದ ಕಾವೇರಿ ನೆನಪಾಗಿರಬಹುದು. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದದ್ದೂ 1971ರಲ್ಲೇ. ಸ್ವತಂತ್ರ ಚಿತ್ರವಲ್ಲ ಅದು, ಜನ ಮುಗಿಬಿದ್ದು ನೋಡಿದ ಚಿತ್ರ. ಇವೆರಡನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಕಾವೇರಿಯ ಮನಸ್ಸು ಕದಡಿದ್ದಕ್ಕೆ ಕಾರಣಗಳಿವೆ. ಅವಳ ಹಿಂದಿನ ಬದುಕು ನಮಗೆ ಗೊತ್ತು, ಗಂಡ ಮಾಡಿದ ದ್ರೋಹ ಗೊತ್ತು, ವಾಸಿಯಾಗಿ ಬಂದವಳನ್ನು ನೆರೆಹೊರೆ ಹುಚ್ಚಿ ಎಂದೇ ನೋಡಿದ್ದು ಗೊತ್ತು. ಆದ್ದರಿಂದ ಅವಳಿಗಾಗಿ ಅಳುವುದು ಸಾಧ್ಯ. ಕಲ್ಪನಾ ಅಭಿನಯಕ್ಕೆ ಕಣ್ಣೊರೆಸಿಕೊಂಡು ಹೊರಬಂದವರು ಎಷ್ಟು ಮಂದಿಯೋ. ಲೋಡೆನ್ ಆ ಸೌಲಭ್ಯವನ್ನೇ ಕಿತ್ತುಕೊಂಡರು. ವಾಂಡಾ ಏಕೆ ಹೀಗೆ ಎಂಬುದಕ್ಕೆ ಹಿನ್ನೋಟದ ದೃಶ್ಯವಿಲ್ಲ, ವೈದ್ಯರಿಲ್ಲ, ಸ್ವಗತವಿಲ್ಲ. ಕಲ್ಲಿದ್ದಲಿನ ಕಪ್ಪು ದಿಬ್ಬಗಳ ನಡುವೆ ತಿಳಿಬಣ್ಣದ ಬಟ್ಟೆಯಲ್ಲಿ ಚುಕ್ಕೆಯಷ್ಟೇ ಕಾಣುತ್ತ ಅವಳು ನಡೆದು ಹೋಗುವ ಒಂದು ದೀರ್ಘ ದೃಶ್ಯವಿದೆ, ಉತ್ತರ ಇದ್ದರೆ ಅಲ್ಲೇ ಇದೆ. ಹತ್ತಿರ ಹೋಗಿ ಮುಖ ತೋರಿಸಿ ಕರುಣೆ ಕೇಳುವ ಅವಕಾಶವನ್ನು ಕ್ಯಾಮೆರಾ ಬೇಕೆಂದೇ ಬಿಟ್ಟಿದೆ. ಆ ದೂರದ ಬಗ್ಗೆ ಅಂದಿನ ವಿಮರ್ಶೆಗಳು ಇನ್ನಷ್ಟು ಬರೆಯಬೇಕಿತ್ತು ಎನ್ನುವುದು ನನ್ನ ತಕರಾರು.

ವಾಂಡಾಳದು ಮೌನ. ಮೌನದ ಬದಲು ಗದ್ದಲ ಇದ್ದರೆ? ಆ ಉತ್ತರವೂ ನಮಗೆ ಗೊತ್ತಿದೆ. 1974ರಲ್ಲಿ ಜಾನ್ ಕಸಾವೆಟಿಸ್ ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ ಮಾಡಿದರು. ಕಟ್ಟಡ ಕಾರ್ಮಿಕನ ಹೆಂಡತಿ, ಮೂರು ಮಕ್ಕಳ ತಾಯಿ ಮೇಬಲ್. ಅತಿಯಾಗಿ ಪ್ರೀತಿಸುತ್ತಾಳೆ, ಅತಿಯಾಗಿ ಮಾತಾಡುತ್ತಾಳೆ, ಕೈ ಮುಖ ತಿರುಗಿಸಿ ವಿಚಿತ್ರ ಸನ್ನೆ ಮಾಡುತ್ತಾಳೆ, ಕಡೆಗೆ ಮನೆಯವರೇ ಅವಳನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಕಸಾವೆಟಿಸ್ ಅವರ ಪತ್ನಿ ಜೀನಾ ರೋಲೆಂಡ್ಸ್ ಮೇಬಲ್ ಆದರು. ಗಂಡನ ಪಾತ್ರ ಮಾಡಿದ ಪೀಟರ್ ಫಾಕ್ ತಮ್ಮ ಕೈಯಿಂದ 5 ಲಕ್ಷ ಡಾಲರ್ ಹಾಕಿದರು. ಕಸಾವೆಟಿಸ್ ಮನೆ ಅಡವಿಟ್ಟರು. ಇಲ್ಲಿ ಕೇಲ್ ಹೇಳಿದ್ದೇನು? ರೋಲೆಂಡ್ಸ್ ಆರು ಸಿನಿಮಾಗಳಿಗಾಗುವಷ್ಟು ಅಭಿನಯವನ್ನು ಒಂದರಲ್ಲೇ ಸುರಿದಿದ್ದಾರೆ, ನೋಡುವವರಿಗೆ ಸುಸ್ತಾಗುತ್ತದೆ ಎಂದು. ಹುಚ್ಚು ಎನ್ನುವುದು ಸಮಾಜ ಹೇರುವ ಹಣೆಪಟ್ಟಿ ಎಂಬ ಬ್ರಿಟನ್ನಿನ ಮನೋವೈದ್ಯ ಆರ್.ಡಿ. ಲೇಂಗ್ ಅವರ ವಿಚಾರಕ್ಕೆ ಬರೆದ ಪಾಠದಂತಿದೆ ಎಂದೂ ಟೀಕಿಸಿದರು. ವಾಂಡಾಳದು ಕಡಿಮೆಯಾಯಿತು, ಮೇಬಲ್‌ಳದು ಹೆಚ್ಚಾಯಿತು. ಸರಿಯಾದ ಅಳತೆ ಎಷ್ಟು ಎಂದು ಮಾತ್ರ ಯಾರೂ ಹೇಳಲಿಲ್ಲ. ಕೇಲ್ ಒಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಅವರು ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದರು, ಹಾಗಾಗಿ ಉಳಿದವರು ನಯವಾಗಿ ಹೇಳಿದ್ದು ಇವರಲ್ಲಿ ಬತ್ತಲೆಯಾಗಿ ಸಿಗುತ್ತದೆ.

ಎರಡೂ ಚಿತ್ರಗಳ ಮುಂದಿನ ದಾರಿ ಕವಲೊಡೆದದ್ದು ಹಣದ ಬಲದಿಂದ, ಹಟದ ಬಲದಿಂದ. ವಿತರಕರು ಒಲ್ಲೆ ಎಂದಾಗ ಕಸಾವೆಟಿಸ್ ತಾವೇ ವಿತರಣಾ ಸಂಸ್ಥೆ ಮಾಡಿಕೊಂಡು ಥಿಯೇಟರಿನವರಿಗೆ ಫೋನ್ ಮಾಡಿದರು, ಕಾಲೇಜುಗಳಿಗೆ ಚಿತ್ರ ಒಯ್ದರು. ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ತೋರಿಸಿದರು. ರೋಲೆಂಡ್ಸ್ ಅತ್ಯುತ್ತಮ ನಟಿ, ಕಸಾವೆಟಿಸ್ ಅತ್ಯುತ್ತಮ ನಿರ್ದೇಶಕ ಎಂದು ಆಸ್ಕರ್‌ಗೆ ನಾಮನಿರ್ದೇಶನಗೊಂಡರು. 1990ರಷ್ಟು ಬೇಗನೆ ಈ ಚಿತ್ರ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. ‘ವಾಂಡಾ’ ಅದೇ ದಾಖಲೆಗೆ ಸೇರಲು 2017ರ ತನಕ ಕಾಯಬೇಕಾಯಿತು. ಹೆಂಡತಿಯನ್ನು ಪಾತ್ರವಾಗಿಸಿದ ಗಂಡನಿಗೆ ನಿರ್ದೇಶಕನ ಪಟ್ಟ ತಾನಾಗಿ ಸಿಕ್ಕಿತು. ತಾನೇ ಪಾತ್ರವಾದ ಹೆಂಡತಿಯನ್ನು ಮಾತ್ರ ‘ಕಜಾನರ ಪತ್ನಿ’ ಎಂಬ ವಿಶೇಷಣ ಬೆನ್ನು ಬಿಡಲಿಲ್ಲ. 1988ರಲ್ಲಿ ಬಂದ ಆತ್ಮಕಥೆಯಲ್ಲಿ ಕಜಾನ್, ಸ್ವತಂತ್ರ ನಿರ್ದೇಶಕಿಯಾಗಲು ಬೇಕಾದ ಸಾಮಗ್ರಿ ಈಕೆಯಲ್ಲಿ ಇದೆಯೆಂದು ತನಗೆ ನಂಬಿಕೆ ಇರಲಿಲ್ಲ ಎಂಬ ಧಾಟಿಯಲ್ಲೇ ಬರೆದರು. ಆ ಹೊತ್ತಿಗೆ ಲೋಡೆನ್ ಇರಲಿಲ್ಲ. ಕೇಟ್ ಶೋಪಾನ್ ಅವರ ‘ದಿ ಅವೇಕನಿಂಗ್’ ಕಾದಂಬರಿಯನ್ನು ಚಿತ್ರ ಮಾಡುವ ಆಸೆ ಹಾಗೇ ಉಳಿದು, ಒಂದೆರಡು ಶೈಕ್ಷಣಿಕ ಕಿರುಚಿತ್ರಗಳನ್ನಷ್ಟೇ ಮಾಡಿ, 1980ರ ಸೆಪ್ಟೆಂಬರಿನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 48.

ಚಿತ್ರವನ್ನು ಉಳಿಸಿದ್ದು ಫ್ರಾನ್ಸ್. ಲೋಡೆನ್ ಸತ್ತ ವರ್ಷವೇ ಕಾದಂಬರಿಗಾರ್ತಿ ಮಾರ್ಗರಿತ್ ದ್ಯುರಾ ಅವರು ಕಜಾನ್ ಜೊತೆ ಕುಳಿತು ‘ವಾಂಡಾ’ದ ಬಗ್ಗೆ ಮಾತಾಡಿದರು. ‘ಕಾಯೆ ದ್ಯು ಸಿನೆಮಾ’ ಪತ್ರಿಕೆಯಲ್ಲಿ ಆ ಸಂವಾದ ಅಚ್ಚಾಯಿತು. ಎರಡು ದಶಕ ಕಳೆದ ಮೇಲೆ ನಟಿ ಇಸಾಬೆಲ್ ಹ್ಯೂಪರ್ ಹಕ್ಕು ಕೊಂಡು ಚಿತ್ರವನ್ನು ಅಲ್ಲಿ ಮರುಬಿಡುಗಡೆ ಮಾಡಿಸಿದರು. 2012ರಲ್ಲಿ ನಥಾಲಿ ಲೆಜೆ ಲೋಡೆನ್ ಬಗ್ಗೆ ಬರೆದ ಪುಟ್ಟ ಪುಸ್ತಕ ಬಹುಮಾನ ಪಡೆಯಿತು, ಇಂಗ್ಲಿಷಿಗೂ ಬಂತು. ಇವರ ಜೊತೆಗೆ ಇನ್ನೊಬ್ಬರನ್ನು ನೆನೆಯಬೇಕು. ಲಾಸ್ ಏಂಜಲೀಸಿನ ಯು.ಸಿ.ಎಲ್.ಎ. ಚಿತ್ರಭಂಡಾರದ ರಾಸ್ ಲಿಪ್‌ಮನ್. ಹಾಲಿವುಡ್ಡಿನ ಲ್ಯಾಬ್ ಒಂದು ಬಾಗಿಲು ಮುಚ್ಚುತ್ತಿದ್ದಾಗ ಅಲ್ಲಿನ ಡಬ್ಬಗಳ ನಡುವೆ ‘ವಾಂಡಾ’ದ ಮೂಲ 16 ಎಂ.ಎಂ. ಸುರುಳಿಗಳನ್ನು ಕಂಡು ಎತ್ತಿಕೊಂಡು ಬಂದವರು ಅವರು. ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಮತ್ತು ಗುಚ್ಚಿ ಕಂಪನಿಯ ನೆರವಿನಿಂದ 2010ರಲ್ಲಿ ಚಿತ್ರ ಪುನರುಜ್ಜೀವನಗೊಂಡಿತು. ಒಂದು ಚಿತ್ರದ ಕೀರ್ತಿ ವಿಮರ್ಶಕರ ರುಚಿಯ ಮೇಲೆ ನಿಂತಿದೆ ಎಂದು ನಾವು ನಂಬುತ್ತೇವೆ. ಅದಕ್ಕೆ ಮೊದಲು ಅದು ಗೋದಾಮಿನ ಬಾಡಿಗೆ ಕಟ್ಟುವವರ ಮೇಲೆ ನಿಂತಿರುತ್ತದೆ.

ನಮಗೂ ಇದರಲ್ಲಿ ಪಾಲಿದೆ. ಗಿರೀಶ್ ಕಾಸರವಳ್ಳಿ ಅವರ 1977ರ ‘ಘಟಶ್ರಾದ್ಧ’ವನ್ನು ಮರುಜೀವಗೊಳಿಸಿದ್ದು ಇದೇ ಫಿಲ್ಮ್ ಫೌಂಡೇಶನ್‌ನ ವಿಶ್ವ ಸಿನಿಮಾ ಯೋಜನೆ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್. ಹೊಸ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಯು.ಆರ್. ಅನಂತಮೂರ್ತಿಯವರ ಕಥೆಯ ಯಮುನಾ, ಬಸಿರಾಗಿ ಬಹಿಷ್ಕಾರಕ್ಕೊಳಗಾಗುವ ಬಾಲವಿಧವೆ, ವಾಂಡಾಳಷ್ಟೇ ಕಡಿಮೆ ಮಾತಿನವಳು. ಅಗ್ರಹಾರ ಅವಳ ನಡತೆಯ ತೀರ್ಪು ಕೊಡುವುದೇ ಆ ಚಿತ್ರದ ವಸ್ತು. ಆ ತೀರ್ಪನ್ನು ಹುಡುಗ ನಾಣಿಯ ಕಣ್ಣಿನಿಂದ ತೋರಿಸಿ, ನೋಡುಗರನ್ನು ತೀರ್ಪುಗಾರರ ಸಾಲಿನಿಂದ ಎಬ್ಬಿಸಿದ್ದು ಕಾಸರವಳ್ಳಿಯವರ ಜಾಣ್ಮೆ. ಲೋಡೆನ್ ಅಂಥ ಒಬ್ಬ ಹುಡುಗನನ್ನೂ ಕೊಡಲಿಲ್ಲ.

ಗಾಳಿ ತಿರುಗಿತು ಎನ್ನುವುದಕ್ಕೆ ದೊಡ್ಡ ಗುರುತು 2022ರ ‘ಸೈಟ್ ಅಂಡ್ ಸೌಂಡ್’ ಸಮೀಕ್ಷೆ. ಬ್ರಿಟನ್ನಿನ ಈ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಪಡೆದು ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. ಆ ಸಲ ಮೊದಲ ಸ್ಥಾನ ಶಾಂತಾಲ್ ಆಕರ್ಮನ್ ಅವರ ‘ಜಾನ್ ಡೀಲ್‌ಮನ್’ಗೆ. ಬ್ರಸೆಲ್ಸಿನ ವಿಧವೆಯೊಬ್ಬಳು ಆಲೂಗಡ್ಡೆ ಸುಲಿಯುತ್ತ, ಹಾಸಿಗೆ ಮಡಚುತ್ತ, ಮಧ್ಯಾಹ್ನ ಮೈಮಾರಿ ಸಂಸಾರ ತೂಗಿಸುತ್ತ ಕಳೆಯುವ ಮೂರು ದಿನಗಳ ಚಿತ್ರ, 201 ನಿಮಿಷ. 1975ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದಾಗ ನಡುವೆಯೇ ಎದ್ದುಹೋದವರಿದ್ದರು. 2012ರ ಪಟ್ಟಿಯಲ್ಲಿ ಅದು 36ನೆಯದು. ‘ವಾಂಡಾ’ 2022ರಲ್ಲಿ ಮೊದಲ 50ರೊಳಗೆ ಬಂತು. ‘ಜಾನ್ ಡೀಲ್‌ಮನ್’ಗೆ ಮೊದಲ ಸ್ಥಾನ ಕೊಟ್ಟದ್ದು ಕಾಲದ ಗಾಳಿಗೆ ತೂರಿಕೊಂಡ ಆಯ್ಕೆ ಎಂದು ‘ಟ್ಯಾಕ್ಸಿ ಡ್ರೈವರ್’ ಬರೆದ ಪಾಲ್ ಶ್ರೇಡರ್ ಸಿಡಿಮಿಡಿಗೊಂಡರು. ಮತದಾರರ ಸಂಖ್ಯೆ 846ರಿಂದ 1,639ಕ್ಕೆ ಏರಿತ್ತು, ಬೇರೆ ಬೇರೆ ದೇಶದವರು, ಹೆಚ್ಚು ಹೆಂಗಸರು ಮತ ಹಾಕಿದ್ದರು. ನನಗೆ ಅದು ದೋಷವಾಗಿ ಕಾಣುವುದಿಲ್ಲ. ಹಳೆಯ ಪಟ್ಟಿಗಳನ್ನು ಮಾಡಿದವರೂ ಯಾವುದೋ ಗಾಳಿಯಲ್ಲೇ ಉಸಿರಾಡುತ್ತಿದ್ದರು.

ಆದರೆ ಈಗಿನ ಹೊಗಳಿಕೆಯ ಬಗ್ಗೆ ನನಗೆ ಅನುಮಾನವಿದೆ. ಕಂಗೆಟ್ಟ ಹೆಣ್ಣಿನ ಚಿತ್ರ ಬಂದರೆ ‘ದಿಟ್ಟ’, ‘ನಿರ್ಭೀತ’, ‘ಕಟು ವಾಸ್ತವ’ ಎಂಬ ಪದಗಳು ಮೊದಲೇ ಸಾಲುಗಟ್ಟಿ ನಿಂತಿರುತ್ತವೆ. ನಟಿ ಮೇಕಪ್ ಇಲ್ಲದೆ ಕಾಣಿಸಿಕೊಂಡರೆ ಅರ್ಧ ವಿಮರ್ಶೆ ಅದಕ್ಕೇ ಹೋಗುತ್ತದೆ. ಹಿಂದೆ ಹೆಂಗಸು ಕೆಟ್ಟವಳು, ಆದ್ದರಿಂದ ಚಿತ್ರ ಕೆಟ್ಟದ್ದು ಎನ್ನುತ್ತಿದ್ದರು. ಈಗ ಹೆಂಗಸು ನೊಂದವಳು, ಆದ್ದರಿಂದ ಚಿತ್ರ ದೊಡ್ಡದು ಎನ್ನುತ್ತಾರೆ. ಪ್ರಮಾಣಪತ್ರದ ನಮೂನೆ ಅದೇ, ಷರಾ ಮಾತ್ರ ಬದಲಾಗಿದೆ. ಲೋಡೆನ್ ಅವರ ಬದುಕಿನ ಕರುಣಾಜನಕ ಕಥೆಯೂ ಈ ಹೊಗಳಿಕೆಗೆ ಒಳ್ಳೆಯ ಸರಕು. ತುಳಿತಕ್ಕೊಳಗಾದ ಪತ್ನಿ, ಒಂದೇ ಚಿತ್ರ, ಅಕಾಲ ಮರಣ. ಇದನ್ನೆಲ್ಲ ಓದಿ ಚಿತ್ರಕ್ಕೆ ಕೂತವರು ಸಂತಾಪ ಸೂಚಿಸಿ ಏಳುತ್ತಾರೆ. ‘ವಾಂಡಾ’ದಲ್ಲಿ ಸೋತ ಜಾಗಗಳೂ ಇವೆ. ದರೋಡೆಯ ಸಿದ್ಧತೆಯ ಭಾಗ ಜೋಲುತ್ತದೆ, ಡೆನ್ನಿಸ್ ತನ್ನ ತಂದೆಯನ್ನು ಕಾಣುವ ಪ್ರಸಂಗ ಬೇರೆ ಯಾವುದೋ ಚಿತ್ರದಿಂದ ಬಂದಂತಿದೆ. ಇವನ್ನು ಹೇಳಲು ಹಿಂಜರಿಯುವುದು ಚಿತ್ರಕ್ಕೂ ಗೌರವ ತರುವುದಿಲ್ಲ.

‘ವಾಂಡಾ’ ಒಂದು ಗಂಟೆ ಮುಕ್ಕಾಲಿನೊಳಗೆ ಮುಗಿಯುತ್ತದೆ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2019ರಲ್ಲಿ ಅದರ ಡಿಸ್ಕ್ ತಂದಿದೆ, ಚಿತ್ರೋತ್ಸವಗಳಲ್ಲೂ ಹೊಸ ಪ್ರತಿ ಓಡಾಡುತ್ತಿದೆ. ಎಲ್ಲಾದರೂ ಕೈಗೆ ಸಿಕ್ಕರೆ ಬಿಡಬೇಡಿ. ಕೂರುವ ಮುನ್ನ ಕಜಾನ್ ಬಗ್ಗೆ, ಕ್ಯಾನ್ಸರಿನ ಬಗ್ಗೆ ಇಲ್ಲಿ ಓದಿದ್ದನ್ನು ದಯವಿಟ್ಟು ಮರೆತುಬಿಡಿ.